ಊಟ ಬಿಟ್ಟ ಆಕ್ಸೊಲಾಟಲ್: ಮುಂಬೈ ಮನೆಯಲ್ಲಿ ದೋಷ ಹುಡುಕುವ ಬಗೆ

ಮುಲುಂಡಿನ ನಮ್ಮ ಮನೆಯಲ್ಲಿ ಎರಡು ಆಕ್ಸೊಲಾಟಲ್ ಇವೆ. ಕಪ್ಪಗಿರುವ ಗಂಡು ಕರಿಯ, ಬಿಳಿ ಹೆಣ್ಣು ಬೆಳ್ಳಿ. ಹೆಸರಿಟ್ಟವಳು ಮಗಳು, ಟ್ಯಾಂಕ್ ತೊಳೆಯುವವನು ನಾನು. ನಾಲ್ಕು ವರ್ಷದಲ್ಲಿ ಇವು ಊಟ ಬಿಟ್ಟಿವೆ, ತೇಲಿವೆ, ಬೂಷ್ಟು ಹತ್ತಿಸಿಕೊಂಡಿವೆ, ಯಾರೂ ಕೇಳದಿದ್ದರೂ ಮೊಟ್ಟೆ ಇಟ್ಟಿವೆ. ಪ್ರತಿ ಸಲ ನಾನು ಮೊದಲು ಹುಡುಕಿದ್ದು ಔಷಧಿ. ಪ್ರತಿ ಸಲ ತಪ್ಪು ಸಿಕ್ಕಿದ್ದು ನೀರಿನಲ್ಲಿ. ಒಂದೇ ಒಂದು ಸಲ ಎರೆಹುಳುವಿನಲ್ಲಿ ಸಿಕ್ಕಿತು, ಅದನ್ನೂ ಹೇಳುತ್ತೇನೆ.

ಅಂಗಡಿಯವರು ಇದನ್ನು ಮೀನು ಅಂತಲೇ ಮಾರುತ್ತಾರೆ. ಮೀನಲ್ಲ. ಸಾಲಮಾಂಡರ್ ಜಾತಿಯದು, ಕಪ್ಪೆಗೆ ದೂರದ ನೆಂಟ. ಬೇರೆ ಎಷ್ಟೋ ಸಾಲಮಾಂಡರ್‌ಗಳು ದೊಡ್ಡವಾದ ಮೇಲೆ ಕಿವಿರು ಕಳಚಿಕೊಂಡು ನೆಲ ಹತ್ತುತ್ತವೆ. ಇದು ಮರಿಯ ರೂಪದಲ್ಲೇ ಬೆಳೆದು, ಅದೇ ರೂಪದಲ್ಲೇ ಸಂಸಾರ ಮಾಡುತ್ತದೆ. ತವರು ಮೆಕ್ಸಿಕೊ ನಗರದ ಶೋಚಿಮಿಲ್ಕೊ ಕೆರೆ-ಕಾಲುವೆಗಳು. ಆ ಊರು ಇರುವುದು 2,240 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ ತುದಿಗಿಂತಲೂ 300 ಮೀಟರ್ ಮೇಲೆ. ಅಲ್ಲಿಯ ತಣ್ಣೀರಿನ ಜೀವವನ್ನು ತಂದು ಅರಬ್ಬಿ ಸಮುದ್ರದ ಪಕ್ಕದಲ್ಲಿ ಸಾಕುತ್ತಿದ್ದೇವೆ. ಅರ್ಧ ತೊಂದರೆ ಶುರುವಾಗುವುದೇ ಇಲ್ಲಿಂದ.

ಔಷಧಿಗೆ ಮೊದಲು ಅಳತೆ

ಪ್ರಾಣಿ ಏನೋ ವಿಚಿತ್ರವಾಗಿದೆ ಅನ್ನಿಸಿತಾ? ಕೈ ಕಟ್ಟಿಕೊಂಡು ಐದು ಅಂಕಿ ಬರೆದುಕೊಳ್ಳಿ. ನೀರಿನ ಉಷ್ಣತೆ, ಹೊಲಸಿನಿಂದ ಹುಟ್ಟುವ ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಆಮ್ಲ-ಕ್ಷಾರ ಹೇಳುವ ಪಿಎಚ್. ಸಾಧ್ಯವಾದರೆ ಆರನೆಯದು ಕೆಎಚ್, ಅಂದರೆ ಕಾರ್ಬೊನೇಟ್ ಗಡಸುತನ. ಇದು ಬೇಡ ಅಂತ ನಾನೂ ಬಿಟ್ಟಿದ್ದೆ, ಆಮೇಲೆ ಪಶ್ಚಾತ್ತಾಪಪಟ್ಟೆ.

ಇರಬೇಕಾದದ್ದು ಇಷ್ಟು. ಉಷ್ಣತೆ 16ರಿಂದ 18 ಡಿಗ್ರಿ ಒಳ್ಳೆಯದು, 20ರವರೆಗೆ ನಡೆಯುತ್ತದೆ. 22 ದಾಟಿದರೆ ಊಟ ಕಮ್ಮಿ ಆಗುತ್ತದೆ, 24 ದಾಟಿದರೆ ಜೀವಕ್ಕೇ ಅಪಾಯ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ನೈಟ್ರೇಟ್ 20 ಪಿಪಿಎಂ (ಲೀಟರಿಗೆ 20 ಮಿಲಿಗ್ರಾಂ) ಒಳಗಿದ್ದರೆ ನೆಮ್ಮದಿ, 40 ದಾಟಬಾರದು. ಪಿಎಚ್ 7.4ರ ಆಸುಪಾಸು.

ಮೊದಲು ಥರ್ಮಾಮೀಟರನ್ನೇ ಅನುಮಾನಿಸಿ. ಗಾಜಿನ ಹೊರಗೆ ಅಂಟಿಸುವ ಪಟ್ಟಿ ನೀರಿನ ಉಷ್ಣತೆ ಹೇಳುವುದಿಲ್ಲ. ಗಾಜಿನದ್ದು ಸ್ವಲ್ಪ, ಕೋಣೆಯದ್ದು ಸ್ವಲ್ಪ ಸೇರಿಸಿ ಏನೋ ಒಂದು ಹೇಳುತ್ತದೆ. ನಮ್ಮ ಮನೆಯಲ್ಲಿ ಪಟ್ಟಿ 24 ತೋರಿಸುತ್ತಿದ್ದಾಗ ಒಳಗೆ 21 ಇತ್ತು. ನೀರು ತಣ್ಣಗಿಡುವ ಯಂತ್ರ, ಚಿಲ್ಲರ್, ಕೆಟ್ಟಿದೆ ಅಂತ ನಾನು ಅದನ್ನು ಬಿಚ್ಚಿಯೂ ಹಾಕಿದ್ದೆ. ನೀರೊಳಗೆ ಇಳಿಬಿಡುವ ಥರ್ಮಾಮೀಟರ್ ತನ್ನಿ. ಅದನ್ನೂ ಪರೀಕ್ಷೆ ಮಾಡಿ: ಒಂದು ಲೋಟದ ತುಂಬ ಪುಡಿ ಐಸ್ ಹಾಕಿ, ಮುಳುಗುವಷ್ಟು ನೀರು ಬಿಟ್ಟು ಕಲಕಿ, ಐದು ನಿಮಿಷ ಬಿಟ್ಟು ನೋಡಿ. ಸೊನ್ನೆಯ ಹತ್ತಿರ ನಿಲ್ಲಬೇಕು. ಎರಡು ಡಿಗ್ರಿ ಹೆಚ್ಚು ತೋರಿಸಿದರೆ ಆ ಎರಡನ್ನು ಯಾವಾಗಲೂ ಕಳೆದುಕೊಳ್ಳಿ.

ಟೆಸ್ಟ್ ಕಿಟ್ ವಿಷಯದಲ್ಲೂ ಹಾಗೇ. ಕಾಗದದ ಪಟ್ಟಿಗಿಂತ ಹನಿ ಹಾಕುವ ಕಿಟ್ ನಂಬಿಕೆಯದು. ನೈಟ್ರೇಟಿನ ಎರಡನೇ ಬಾಟಲಿಯನ್ನು ಅರ್ಧ ನಿಮಿಷ ಜೋರಾಗಿ ಕುಲುಕದಿದ್ದರೆ ಎಷ್ಟೇ ನೈಟ್ರೇಟ್ ಇದ್ದರೂ ಕಮ್ಮಿ ತೋರಿಸುತ್ತದೆ. ಕುಲುಕುವ ಕೆಲಸ ಮಗಳಿಗೆ ಕೊಟ್ಟಿದ್ದೇನೆ. ಹಾಡು ಹೇಳಿಕೊಂಡು ಕುಲುಕುತ್ತಾಳೆ.

ನೀರು ತಣ್ಣಗಾಗುತ್ತಿಲ್ಲ

ಪುಣೆಯಲ್ಲಿರುವ ಗೆಳೆಯನೊಬ್ಬ ಮೊದಲ ಬೇಸಿಗೆಯಲ್ಲಿ ನನಗೆ ಹೇಳಿದ್ದ: "ಚಿಲ್ಲರ್‌ಗೆ ಯಾಕೆ ಅಷ್ಟು ದುಡ್ಡು ಸುರಿತೀಯ, ನೀರಿನ ಮೇಲೆ ಎರಡು ಸಣ್ಣ ಫ್ಯಾನ್ ಇಡು." ಅವನ ಮನೆಯಲ್ಲಿ ಏಪ್ರಿಲ್ ಮಧ್ಯಾಹ್ನವೂ ನೀರು 22ರಲ್ಲಿ ನಿಂತಿತ್ತು. ನಮ್ಮಲ್ಲಿ ಅದೇ ಎರಡು ಫ್ಯಾನ್ ಹಗಲು ರಾತ್ರಿ ಓಡಿದರೂ ನೀರು 28ರಿಂದ ಕೆಳಗಿಳಿಯಲಿಲ್ಲ. ಫ್ಯಾನ್ ಕೆಟ್ಟಿರಲಿಲ್ಲ, ಗೆಳೆಯ ಸುಳ್ಳೂ ಹೇಳಿರಲಿಲ್ಲ.

ಫ್ಯಾನ್ ಗಾಳಿಗೆ ನೀರು ಆವಿಯಾಗುತ್ತದೆ, ಆವಿಯಾಗುವಾಗ ಬಿಸಿಯನ್ನು ಜೊತೆಗೆ ಒಯ್ಯುತ್ತದೆ. ಮಡಕೆಯ ನೀರು ತಣ್ಣಗಾಗುವುದೂ ಹೀಗೆಯೇ. ಆದರೆ ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಆವಿ ಏಳುವುದೇ ಇಲ್ಲ. ಪುಣೆಯ ಒಣ ಬೇಸಿಗೆಯಲ್ಲಿ 38 ಡಿಗ್ರಿ ಬಿಸಿಲು, ತೇವ 20 ಶೇಕಡಾ ಇದ್ದ ದಿನ ಫ್ಯಾನಿನಿಂದ ನೀರನ್ನು 21ರ ಹತ್ತಿರದವರೆಗೆ ಎಳೆಯಬಹುದು. ಮುಂಬೈಯಲ್ಲಿ 33 ಡಿಗ್ರಿ, ತೇವ 70 ಶೇಕಡಾ ಇದ್ದರೆ ಎಷ್ಟು ಫ್ಯಾನ್ ಇಟ್ಟರೂ 28ಕ್ಕೇ ನಿಲ್ಲುತ್ತದೆ. ಮಡಕೆ ನೀರು ಇಲ್ಲಿ ಊರಿನಷ್ಟು ತಣ್ಣಗಾಗುವುದಿಲ್ಲ ಅಂತ ಅತ್ತೆ ಗೊಣಗುವುದಕ್ಕೂ ಇದೇ ಕಾರಣ. ಗೋವಾದಲ್ಲೂ ಇದೇ ಕಥೆ. ಹಾಗಾಗಿ ಮುಂಬೈ ಮನೆಗೆ ನನ್ನ ಮಾತು ಖಡಾಖಂಡಿತ: ಚಿಲ್ಲರ್ ಇಡಲು ಆಗದಿದ್ದರೆ ಆಕ್ಸೊಲಾಟಲ್ ತರಬೇಡಿ.

ಚಿಲ್ಲರ್ ಇದ್ದೂ ನೀರು ಇಳಿಯದಿದ್ದರೆ ಈ ಕ್ರಮದಲ್ಲಿ ನೋಡಿ. ಮೊದಲು, ಚಿಲ್ಲರ್ ಎಲ್ಲಿದೆ? ನೀರಿನಿಂದ ತೆಗೆದ ಬಿಸಿಯನ್ನು ಅದು ಎಲ್ಲಿಗಾದರೂ ಬಿಡಲೇಬೇಕು ಅಲ್ವಾ? ಸ್ಟ್ಯಾಂಡಿನ ಕೆಳಗಿನ ಕಪಾಟಿನಲ್ಲಿಟ್ಟು ಬಾಗಿಲು ಮುಚ್ಚಿದರೆ ತಾನು ಬಿಟ್ಟ ಬಿಸಿಯನ್ನು ತಾನೇ ಕುಡಿಯುತ್ತ ಕೂರುತ್ತದೆ. ನಾನು ಮಾಡಿದ್ದು ಇದೇ. ಬಾಗಿಲು ತೆಗೆದು, ಗೋಡೆಯಿಂದ ಒಂದು ಗೇಣು ಮುಂದೆ ಎಳೆದಿಟ್ಟ ರಾತ್ರಿಯೇ ನೀರು ಮೂರು ಡಿಗ್ರಿ ಇಳಿಯಿತು. ಎರಡನೆಯದು ಧೂಳು. ಹಿಂದಿನ ಜಾಲರಿಯನ್ನು ತಿಂಗಳಿಗೊಮ್ಮೆ ಬ್ರಷ್‌ನಿಂದ ಉಜ್ಜಬೇಕು. ನಮ್ಮ ರಸ್ತೆಯಲ್ಲಿ ಕಟ್ಟಡ ಕೆಲಸ ನಡೆಯುವಾಗ ಹದಿನೈದು ದಿನಕ್ಕೇ ಅದು ಕಂಬಳಿಯಂತಾಗಿತ್ತು. ಮೂರನೆಯದು ನೀರಿನ ಹರಿವು. ಪಂಪಿನ ಸ್ಪಂಜು ಕಟ್ಟಿದ್ದರೆ ಚಿಲ್ಲರ್‌ಗೆ ಹೋಗುವ ನೀರೇ ಕಮ್ಮಿ. ಇಷ್ಟೆಲ್ಲ ಸರಿಯಿದ್ದರೆ ಗಾಜಿನ ಮೂರು ಬದಿಗೆ ಥರ್ಮಾಕೋಲ್ ಹಚ್ಚಿ. ನೋಡಲು ಚಂದ ಇರುವುದಿಲ್ಲ, ಕೆಲಸ ಮಾತ್ರ ಮಾಡುತ್ತದೆ.

ಕರೆಂಟ್ ಹೋದಾಗ, ಅಥವಾ ಚಿಲ್ಲರ್ ರಿಪೇರಿಗೆ ಹೋದಾಗ ಐಸ್ ಬಾಟಲಿ. ಲೆಕ್ಕ ಸುಲಭ: ಒಂದು ಲೀಟರ್ ನೀರು ತುಂಬಿ ಗಡ್ಡೆ ಕಟ್ಟಿಸಿದ ಬಾಟಲಿ ಪೂರ್ತಿ ಕರಗಿದರೆ 100 ಲೀಟರ್ ಟ್ಯಾಂಕನ್ನು ಸುಮಾರು ಒಂದು ಡಿಗ್ರಿ ಇಳಿಸುತ್ತದೆ. ಅಷ್ಟೇ. ಮೇ ತಿಂಗಳಲ್ಲಿ ಟ್ಯಾಂಕ್ ಅಷ್ಟನ್ನು ಬೇಗನೇ ವಾಪಸ್ ಪಡೆದುಬಿಡುತ್ತದೆ. ಹಾಗಾಗಿ ಫ್ರೀಜರ್‌ನಲ್ಲಿ ಎಂಟು ಹತ್ತು ಬಾಟಲಿ ಸರದಿಯಲ್ಲಿರಬೇಕು. ಐಸ್ ತುಂಡುಗಳನ್ನು ನೇರ ನೀರಿಗೆ ಸುರಿಯಬೇಡಿ. ಅದರಲ್ಲಿ ಕ್ಲೋರಿನ್ ಇರಬಹುದು, ಒಮ್ಮೆಲೇ ತಂಪಾಗುವುದೂ ಪ್ರಾಣಿಗೆ ಪೆಟ್ಟು. ಗಂಟೆಗೆ ಒಂದು ಡಿಗ್ರಿಗಿಂತ ಜಾಸ್ತಿ ಇಳಿಸದಿದ್ದರೆ ಒಳ್ಳೆಯದು.

ನೀರು ತಂಪಿದೆ, ಆದರೂ ಊಟ ಬೇಡ

ಇಲ್ಲಿ ಒಂದು ಸಣ್ಣ ಕಾರಣ, ಒಂದು ದೊಡ್ಡ ಕಾರಣ.

ಸಣ್ಣದು ಎರೆಹುಳು. ಇವುಗಳಿಗೆ ಎರೆಹುಳುವಿಗಿಂತ ಒಳ್ಳೆಯ ಊಟ ಇಲ್ಲ. ನಾನು ಎರೆಗೊಬ್ಬರ ಮಾಡುವವರ ಹತ್ತಿರ ಕೆಂಪು ಹುಳು ತಂದೆ. ಕರಿಯ ಗಬಕ್ಕನೆ ಬಾಯಿಗೆ ಹಾಕಿಕೊಂಡು, ತಲೆ ಕೊಡವಿ ಉಗಿದ. ಮತ್ತೆ ಹಾಕಿದೆ, ಮತ್ತೆ ಉಗಿದ. ಆಮೇಲೆ ಹುಳು ಕಂಡರೆ ಹಿಂದಕ್ಕೆ ಸರಿಯತೊಡಗಿದ. ರೋಗ ಅಂದುಕೊಂಡೆ. ಗೊಬ್ಬರದ ಆ ಪಟ್ಟೆಪಟ್ಟೆ ಕೆಂಪು ಹುಳುವನ್ನು ಹಿಡಿದರೆ ಮೈಯಿಂದ ಹಳದಿ ದ್ರವ ಬಿಡುತ್ತದೆ, ಅದು ಕಹಿ. ಗುರುತಿಸುವ ಬಗೆ ಇದು: ಬಾಯಿಗೆ ಹಾಕಿಕೊಂಡು ಉಗಿದರೆ ರುಚಿಯ ತಕರಾರು, ಬಾಯಿಯನ್ನೇ ಹಾಕದಿದ್ದರೆ ಮೈಯ ತಕರಾರು. ಹುಳುವನ್ನು ಬಿಸಿನೀರಿನಲ್ಲಿ ಕ್ಷಣಹೊತ್ತು ಅದ್ದಿ, ತೊಳೆದು, ತುಂಡು ಮಾಡಿ ಕೊಟ್ಟರೆ ಕೆಲವು ತಿನ್ನುತ್ತವೆ. ಕರಿಯ ತಿನ್ನಲಿಲ್ಲ. ಅವನಿಗೆ ಬೂದು ಬಣ್ಣದ ದೊಡ್ಡ ಎರೆಹುಳುವೇ ಆಗಬೇಕು. ಮೋರಿಯಿಂದ ಬರುವ ಜೀವಂತ ಟ್ಯೂಬಿಫೆಕ್ಸ್ ಹುಳುವನ್ನು ಮಾತ್ರ ಎಷ್ಟೇ ಸಸ್ತಾ ಇದ್ದರೂ ತರಬೇಡಿ, ಜೊತೆಗೆ ರೋಗವೂ ಮನೆಗೆ ಬರುತ್ತದೆ.

ದೊಡ್ಡ ಕಾರಣ ನಮಗೆ ಎರಡು ವರ್ಷದ ಹಿಂದೆ ಮೇ ಕೊನೆಯಲ್ಲಿ ಸಿಕ್ಕಿತು. ಇದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು. ಬೇರೆ ಮನೆಗಳಲ್ಲೂ ಬೇಸಿಗೆಯಲ್ಲಿ ಆಗುವುದು ಇದೇ ಅಂತ ನನ್ನ ಅನುಮಾನ.

ಚಿಲ್ಲರ್ 18 ತೋರಿಸುತ್ತಿತ್ತು. ಇಬ್ಬರೂ ಎರಡು ದಿನದಿಂದ ಊಟ ಕಮ್ಮಿ ಮಾಡಿದ್ದರು. ಭಾನುವಾರ ಬೆಳಿಗ್ಗೆ ಎಂದಿನಂತೆ 120 ಲೀಟರಿನಲ್ಲಿ ಸುಮಾರು 50 ಲೀಟರ್ ತೆಗೆದು ಹೊಸ ನೀರು ಹಾಕಿದೆ. ಕ್ಲೋರಿನ್ ತೆಗೆಯುವ ದ್ರವವನ್ನೂ ಹಾಕಿದ್ದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಟ್ಯಾಂಕಿನಿಂದ ಧಡಕ್ ಅಂತ ಸದ್ದು. ಕರಿಯ ಗಾಜಿಗೆ ಬಡಿದುಕೊಳ್ಳುತ್ತಿದ್ದ. ಬಾಲದ ತುದಿ ಕೊಕ್ಕೆಯಂತೆ ಸುತ್ತಿಕೊಂಡಿತ್ತು. ಬೆಳ್ಳಿ ಮೂಲೆಯಲ್ಲಿ ಕೂತಿದ್ದಳು, ಬಿಳಿ ಮೈಯ ಕಾಲಿನ ಬುಡದಲ್ಲೆಲ್ಲ ಕೆಂಪು. ಕೆಂಪು ಕಂಡ ತಕ್ಷಣ ಸೋಂಕು ಅಂದುಕೊಂಡೆ. ಅಂಗಡಿಯವನಿಗೆ ಫೋನ್ ಮಾಡಿದರೆ, ಮೀನಿಗೆ ಹಾಕುವ ಹಸಿರು ಔಷಧಿ ಹಾಕಿ ಅಂದ. ಅದರಲ್ಲಿ ಮ್ಯಾಲಕೈಟ್ ಗ್ರೀನ್ ಇತ್ತು. ತಾಮ್ರ ಮತ್ತು ಮ್ಯಾಲಕೈಟ್ ಗ್ರೀನ್ ಇರುವ ಮೀನಿನ ಔಷಧಿ ಇವುಗಳ ತೆಳು ಚರ್ಮಕ್ಕೆ ವಿಷ. ಪುಣ್ಯಕ್ಕೆ ಬಾಟಲಿ ಖಾಲಿಯಾಗಿತ್ತು.

ಉತ್ತರ ಬಂದಿದ್ದು ಅಡುಗೆಮನೆಯಿಂದ. ಅತ್ತೆ ಕುಕ್ಕರ್ ಮುಚ್ಚಳ ತೆಗೆದು, "ಆರು ಸೀಟಿ ಆಯ್ತು, ಬೇಳೆ ಇನ್ನೂ ಕಾಳು ಕಾಳು. ಈ ನೀರು ನಮ್ಮ ನೀರಲ್ಲ ಕಣೋ" ಅಂದರು. ನಿಜ. ನೀರು ಕಡಿತ ಶುರುವಾಗಿತ್ತು. ಸೊಸೈಟಿ ಮೂರು ದಿನದಿಂದ ಟ್ಯಾಂಕರ್ ತರಿಸಿ ಮೇಲಿನ ಟಾಕಿಗೆ ತುಂಬಿಸುತ್ತಿತ್ತು. ಟ್ಯಾಂಕರಿನದ್ದು ಬೋರ್‌ವೆಲ್ ನೀರು.

ಮುಂಬೈಗೆ ಪಾಲಿಕೆ ಕೊಡುವುದು ಭಾತ್ಸಾ, ವೈತರಣಾ, ತಾನ್ಸಾ ಇಂಥ ಜಲಾಶಯಗಳ ಮಳೆನೀರು. ಮೆದು ನೀರು. ಬೇಳೆಗೆ ಒಳ್ಳೆಯದು, ಸೋಪಿಗೆ ಒಳ್ಳೆಯದು, ಟ್ಯಾಂಕಿಗೆ ಅರ್ಧ ಒಳ್ಳೆಯದು. ಫಿಲ್ಟರಿನಲ್ಲಿರುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ಆ ಆಮ್ಲವನ್ನು ನುಂಗಿಕೊಳ್ಳುವುದು ಕೆಎಚ್. ಮೆದು ನೀರಿನಲ್ಲಿ ಕೆಎಚ್ ಕಮ್ಮಿ, ಬೇಗ ಮುಗಿದುಹೋಗುತ್ತದೆ. ಮುಗಿದ ಮೇಲೆ ಪಿಎಚ್ ಜಾರುತ್ತದೆ, 6ರ ಹತ್ತಿರ ಬಂದಾಗ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸಿಬಿಡುತ್ತವೆ. ಅಮೋನಿಯಾ ಏರುತ್ತದೆ. ಆದರೆ ಪಿಎಚ್ ಇಷ್ಟು ಕೆಳಗಿರುವಾಗ ಅದು ಹೆಚ್ಚುಕಡಿಮೆ ಪೂರ್ತಿಯಾಗಿ ಅಮೋನಿಯಂ ಎಂಬ, ವಿಷ ತೀರಾ ಕಮ್ಮಿ ಇರುವ ರೂಪದಲ್ಲಿರುತ್ತದೆ. ಪ್ರಾಣಿ ಸ್ವಲ್ಪ ಮಂಕಾಗುತ್ತದೆ, ಅಷ್ಟೇ.

ಇಂಥ ಟ್ಯಾಂಕಿಗೆ ಗಡಸು ಬೋರ್ ನೀರು ಸುರಿದರೆ? ಪಿಎಚ್ ಒಂದು ಅಂಕಿ ಏರಿದರೆ ಅಮೋನಿಯಾದ ವಿಷದ ಪಾಲು ಸುಮಾರು 10 ಪಟ್ಟಾಗುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಎರಡು ವಾರದ ಹಿಂದೆ ಬರೆದ ಪಿಎಚ್ 6.2 ಇತ್ತು, ನೋಡಿ ಸುಮ್ನೆ ಪುಟ ತಿರುಗಿಸಿದ್ದೆ. ಅಮೋನಿಯಾ ಅಳೆಯುವುದನ್ನಂತೂ ಬಿಟ್ಟೇ ಬಿಟ್ಟಿದ್ದೆ, ವರ್ಷವಿಡೀ ಸೊನ್ನೆ ಇತ್ತಲ್ಲ ಅಂತ. ಆ ಮಧ್ಯಾಹ್ನ ಅಳೆದರೆ ಪಿಎಚ್ 7.7, ಅಮೋನಿಯಾ 1 ಮತ್ತು 2 ಪಿಪಿಎಂ ನಡುವಿನ ಕಡು ಹಸಿರು. ನೀರು ಬದಲಿಸಿದ್ದರಿಂದ ಒಟ್ಟು ಅಮೋನಿಯಾ ಸ್ವಲ್ಪ ಇಳಿದಿತ್ತು ನಿಜ, ಆದರೆ ಅದರಲ್ಲಿ ವಿಷದ ಪಾಲು ಸುಮಾರು 30 ಪಟ್ಟು ಏರಿತ್ತು. ಒಳ್ಳೆಯದು ಮಾಡಲು ಹೋಗಿ ನಾನೇ ಸುಟ್ಟಿದ್ದೆ. ಬೆಳ್ಳಿಯ ಕೆಂಪು ಸೋಂಕಲ್ಲ, ಅಮೋನಿಯಾ ಸುಟ್ಟ ಗಾಯ.

ತಕ್ಷಣ ಮಾಡಬೇಕಾದದ್ದು: ಪ್ರಾಣಿಯನ್ನು ಟ್ಯಾಂಕಿನಿಂದ ತೆಗೆಯಿರಿ. ಮುಚ್ಚಳವಿರುವ ಶುದ್ಧ ಪ್ಲಾಸ್ಟಿಕ್ ಡಬ್ಬಿ, ಒಂದಕ್ಕೆ ಒಂದು, ಮುಚ್ಚಳದಲ್ಲಿ ತೂತು. ಒಳಗೆ ಕ್ಲೋರಿನ್ ತೆಗೆದ, ಅದೇ ಉಷ್ಣತೆಯ ನೀರು. ದಿನಕ್ಕೊಮ್ಮೆ ಪೂರ್ತಿ ಬದಲಾಯಿಸಿ, ಹೊಲಸು ಮಾಡಿದರೆ ಆಗಲೇ. ಮುಂಬೈಯಲ್ಲಿ ಡಬ್ಬಿಯ ನೀರು ಗಂಟೆಯೊಳಗೆ ಬೆಚ್ಚಗಾಗುತ್ತದೆ. ಮೀನು ಮಾರುವವರು ಇಟ್ಟುಕೊಳ್ಳುತ್ತಾರಲ್ಲ, ಅಂಥ ಹೊಸ ಥರ್ಮಾಕೋಲ್ ಪೆಟ್ಟಿಗೆ ತಂದು, ಡಬ್ಬಿಗಳನ್ನು ಅದರೊಳಗಿಟ್ಟು ಪಕ್ಕದಲ್ಲಿ ಐಸ್ ಬಾಟಲಿ ನಿಲ್ಲಿಸಿದೆ. ಹತ್ತು ದಿನ ಅವು ಅಲ್ಲೇ ಇದ್ದವು. ಮೂರನೇ ದಿನ ಕರಿಯ ಹುಳು ತಿಂದ. ಬೆಳ್ಳಿ ಆರನೇ ದಿನ. ಔಷಧಿ ಒಂದು ಹನಿಯೂ ಹಾಕಲಿಲ್ಲ.

ಟ್ಯಾಂಕಿನ ರಿಪೇರಿ ನಿಧಾನದ ಕೆಲಸ. ಪಾಲಿಕೆಯ ನೀರು ಬರುವ ಹೊತ್ತಿಗೆ ಡ್ರಮ್ ತುಂಬಿಸಿಕೊಂಡು ಅದನ್ನೇ ಬಳಸಿದೆ. ಕೆಎಚ್ ಏರಿಸಲು ಚಿಪ್ಪು. ನಮ್ಮ ಕಡೆ ಮರುವಾಯಿ ಅನ್ನುತ್ತೇವೆ, ಇಲ್ಲಿಯ ಮೀನು ಮಾರ್ಕೆಟ್ಟಿನಲ್ಲಿ ತಿಸ್ರ್ಯಾ. ಸಾರು ಮಾಡಿ ತಿಂದ ಮೇಲೆ ಚಿಪ್ಪನ್ನು ಉಜ್ಜಿ ತೊಳೆದು, ಕುದಿಸಿ, ಒಂದು ವಾರ ಬಿಸಿಲಿಗಿಟ್ಟು, ಜಾಲರಿ ಚೀಲದಲ್ಲಿ ತುಂಬಿ ಫಿಲ್ಟರಿನೊಳಗೆ ಇಟ್ಟೆ. ನೀರು ಆಮ್ಲವಾದಷ್ಟೂ ಚಿಪ್ಪು ಕರಗುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ನಾಲ್ಕು ಮುಷ್ಟಿ ಚಿಪ್ಪಿಗೆ ಕೆಎಚ್ 1ರಿಂದ 4ಕ್ಕೆ ಬರಲು ಮೂರು ವಾರ ಹಿಡಿಯಿತು. ಅಡುಗೆ ಸೋಡಾ ಹಾಕಿ ಒಂದೇ ದಿನದಲ್ಲಿ ಏರಿಸಬಹುದು, ಆದರೆ ಅದು ಅದೇ ಹಳೆಯ ಧಡಕ್ ಸದ್ದಿಗೆ ಆಹ್ವಾನ. ಈಗ ಟ್ಯಾಂಕರ್ ಬಂದ ವಾರ ಬಕೆಟ್ ನೀರಿನ ಪಿಎಚ್ ನೋಡದೆ ಟ್ಯಾಂಕಿಗೆ ಹಾಕುವುದಿಲ್ಲ. ಕಿಟ್ ಇಲ್ಲದವರು ಬೇಳೆಯನ್ನು ಕೇಳಿ.

ಮೈಮೇಲೆ ಕಾಣುವ ಗುರುತುಗಳು

ಕಿವಿರು ಮುಂದಕ್ಕೆ ಬಾಗಿದೆ: ಫಿಲ್ಟರಿನ ಹರಿವು ಜೋರಾಗಿದೆ. ನೀರು ಬೀಳುವ ಕಡೆ ಸ್ಪಂಜು ಕಟ್ಟಿ ನೋಡಿ, ಒಂದೆರಡು ದಿನದಲ್ಲಿ ಹಿಂದಕ್ಕೆ ಹೋಗುತ್ತದೆ. ಹೋಗದಿದ್ದರೆ ಮತ್ತೆ ಆ ಐದು ಅಂಕಿ.

ಕಿವಿರಿನ ಎಳೆಗಳು ಸವೆಯುತ್ತಿವೆ: ಬಹುಪಾಲು ಸಲ ಇದು ಹೊಲಸು ನೀರಿನ ಅಥವಾ ಬಿಸಿ ನೀರಿನ ಲಕ್ಷಣ. "ನೆಲಕ್ಕೆ ಹತ್ತುತ್ತದಂತೆ, ರೂಪ ಬದಲಿಸುತ್ತಿದೆಯಂತೆ" ಅಂತ ಗಾಬರಿಯಾಗುವವರಿದ್ದಾರೆ. ಈ ಮಾತಿಗೆ ಮೂಲ ಇದೆ. 1864ರಲ್ಲಿ ಮೆಕ್ಸಿಕೊದಿಂದ ಪ್ಯಾರಿಸ್ಸಿಗೆ 34 ಆಕ್ಸೊಲಾಟಲ್ ಹೋದವು. ಅಲ್ಲಿ ಡ್ಯುಮೆರಿಲ್ ಎಂಬ ಪ್ರಾಣಿವಿಜ್ಞಾನಿ ಮರಿ ಮಾಡಿಸಿದಾಗ ಕೆಲವು ಮರಿಗಳು ನಿಜವಾಗಿಯೂ ಕಿವಿರು ಕಳೆದುಕೊಂಡು ಸಾಲಮಾಂಡರ್ ಆದವು, ಅವನೇ ಬೆರಗಾದ. ಆದರೆ ಮನೆಯ ಟ್ಯಾಂಕಿನಲ್ಲಿ ಇದು ತೀರಾ ಅಪರೂಪ. ರೂಪ ಬದಲಾಗುವಾಗ ಬಾಲದ ರೆಕ್ಕೆಯೂ ಕರಗುತ್ತದೆ, ಕಣ್ಣಿಗೆ ರೆಪ್ಪೆಯೂ ಬರುತ್ತದೆ. ಅವೆರಡೂ ಇಲ್ಲದಿದ್ದರೆ ನೀರು ನೋಡಿ.

ಬಿಳಿ ಹತ್ತಿಯಂತಹ ಗುಪ್ಪೆ: ಬೂಷ್ಟು. ಗಾಯದ ಮೇಲೆ, ಕಿವಿರಿನ ತುದಿಯಲ್ಲಿ ಬರುತ್ತದೆ. ಅಯೋಡಿನ್ ಇಲ್ಲದ ಕಲ್ಲುಪ್ಪು, ಒಂದು ಲೀಟರ್ ತಂಪು ನೀರಿಗೆ 2 ಚಹಾ ಚಮಚ, ಅದರಲ್ಲಿ 10 ನಿಮಿಷ ಮಾತ್ರ. ದಿನಕ್ಕೆ ಎರಡು ಸಲ, ಗಡಿಯಾರ ನೋಡಿಕೊಂಡು. ಮೂರ್ನಾಲ್ಕು ದಿನದಲ್ಲಿ ಉದುರದಿದ್ದರೆ ವೈದ್ಯರು. ಮುಂಬೈಯ ರಸ್ತೆ ಬದಿಯಲ್ಲಿ ಕಾಡುಬಾದಾಮಿ ಮರ ಎಷ್ಟು ಬೇಕಾದರೂ ಇವೆ. ಔಷಧಿ ಹೊಡೆಯದ ಮರದ ಒಣಗಿ ಬಿದ್ದ ಎಲೆ ತೊಳೆದು ಹಾಕಿದರೆ ನೀರು ಚಹಾ ಬಣ್ಣ ಆಗುತ್ತದೆ, ಸಣ್ಣಪುಟ್ಟ ಬೂಷ್ಟಿಗೆ ಸಾಕಾಗುತ್ತದೆ.

ತೇಲುತ್ತಿದೆ: ಗಾಳಿ ನುಂಗಿ ಸ್ವಲ್ಪ ಹೊತ್ತು ತೇಲಿ ತಾನೇ ಕೆಳಗಿಳಿದರೆ ಯೋಚನೆ ಬೇಡ. ಬಾಲ ಮೇಲೆ ತಲೆ ಕೆಳಗಾಗಿ ದಿನವಿಡೀ ಇದ್ದರೆ ಹೊಟ್ಟೆ ಕಟ್ಟಿದೆ. ತಳದಲ್ಲಿ ಜಲ್ಲಿಕಲ್ಲು ಇದೆಯಾ? ಇವು ಬಾಯಿ ತೆಗೆದು ಎದುರಿದ್ದನ್ನೆಲ್ಲ ಎಳೆದುಕೊಳ್ಳುತ್ತವೆ, ತಲೆಗಿಂತ ಚಿಕ್ಕ ಕಲ್ಲೆಲ್ಲ ಹೊಟ್ಟೆಗೆ ಹೋಗಬಹುದು. ಮೂರು ದಿನ ಉಪವಾಸ, ಕಮ್ಮಿ ಆಳದ ತಂಪು ನೀರು. ಆಮೇಲೂ ಮಲ ಬರದಿದ್ದರೆ ಎಕ್ಸ್‌ರೇ ತೆಗೆಯುವ ಪಶುವೈದ್ಯರನ್ನೇ ಹುಡುಕಬೇಕು.

ಕಾಲು ಕಾಣೆ: ಜೊತೆಯವನು ತಿಂದಿದ್ದಾನೆ. ಬೇರೆ ಮಾಡಿ, ನೀರು ಶುದ್ಧವಾಗಿಡಿ. ಕೆಲವು ವಾರದಲ್ಲಿ ಮೊಗ್ಗು ಒಡೆದು, ನಿಧಾನಕ್ಕೆ ಬೆರಳು ಸಮೇತ ಹೊಸ ಕಾಲು ಬರುತ್ತದೆ. ಅಳುವ ಮಗುವಿಗೆ ಹೇಳಿ.

ಮೊಟ್ಟೆ, ಮರಿ

ಒಂದು ಜನವರಿ ಬೆಳಿಗ್ಗೆ ತಳದಲ್ಲಿ ಅಲ್ಲಲ್ಲಿ ಸಣ್ಣ ಶಂಕುಗಳು, ಪಾರದರ್ಶಕ ಬುಡ, ಬಿಳಿ ತುದಿ. ಬೂಷ್ಟು ಅಂತ ಬ್ರಷ್ ತಗೊಂಡು ಎಲ್ಲವನ್ನೂ ಉಜ್ಜಿದೆ. ಎಲ್ಲವನ್ನೂ ಉಜ್ಜಿರಲಿಲ್ಲ ಅಂತ ಮರುದಿನ ಗೊತ್ತಾಯಿತು: ಗಿಡದ ಎಲೆ, ಪೈಪು, ಥರ್ಮಾಮೀಟರ್, ಎಲ್ಲಾ ಕಡೆ ಮೊಟ್ಟೆ. ಆ ಶಂಕುಗಳು ಕರಿಯ ಬಿಟ್ಟ ವೀರ್ಯದ ಪೊಟ್ಟಣ. ಗಂಡು ಅದನ್ನು ನೆಲಕ್ಕೆ ಅಂಟಿಸುತ್ತದೆ, ಹೆಣ್ಣು ಅದರ ಮೇಲೆ ಹಾದು ಒಳಗೆ ತೆಗೆದುಕೊಳ್ಳುತ್ತದೆ. ನೀರು ಒಮ್ಮೆ ತಂಪಾಗಿ ಮತ್ತೆ ಏರಿದರೆ ಅವುಗಳಿಗೆ ಕಾಲ ಬಂತು ಅನ್ನಿಸುತ್ತದೆ. ಸರ್ವಿಸಿಂಗ್‌ನಿಂದ ಬಂದ ಚಿಲ್ಲರ್ ವಾರ ಪೂರ್ತಿ 14ಕ್ಕೆ ಸೆಟ್ ಆಗಿದ್ದನ್ನು ನಾನು ಗಮನಿಸಿರಲಿಲ್ಲ.

ಒಂದು ಸಲಕ್ಕೆ ಕೆಲವು ನೂರು ಮೊಟ್ಟೆ, ಕೆಲವೊಮ್ಮೆ ಸಾವಿರ. ಮೊದಲು ಗಂಡನ್ನು ಬೇರೆ ಮಾಡಿ, ಹೆಣ್ಣಿಗೆ ಆರು ತಿಂಗಳಾದರೂ ಬಿಡುವು ಬೇಕು. ಮೊಟ್ಟೆಗಳನ್ನೂ ತೆಗೆಯಿರಿ, ಮರಿಯಾದರೆ ಅಪ್ಪ ಅಮ್ಮನೇ ತಿನ್ನುತ್ತಾರೆ.

ಮೊಟ್ಟೆ ಬಿಳಿಯಾಗಿದೆ, ಸತ್ತಿದೆಯಾ? ತಾಯಿ ಯಾರು ಅಂತ ನೋಡಿ. ಮೊಟ್ಟೆಯ ಬಣ್ಣ ತಾಯಿ ಕೊಡುವುದು. ಕಪ್ಪು ಕಣ್ಣಿನ ಬಿಳಿ ಹೆಣ್ಣು, ನಮ್ಮ ಬೆಳ್ಳಿಯಂಥವಳು, ಕಪ್ಪು ಮೊಟ್ಟೆಯೇ ಇಡುತ್ತಾಳೆ. ಕೆಂಪು ಕಣ್ಣಿನ ಆಲ್ಬಿನೊ ತಾಯಿಯ ಮೊಟ್ಟೆ ಹುಟ್ಟಾ ಬಿಳಿ. ಬಣ್ಣಕ್ಕಿಂತ ಆಕಾರ ನಂಬಿ: ಕೆಲವು ದಿನಗಳಲ್ಲಿ ಉಂಡೆ ಹೋಗಿ ಅವರೆಕಾಳಿನ ಆಕಾರ ಬಂದರೆ ಬದುಕಿದೆ. ಉಂಡೆಯಾಗಿಯೇ ಉಳಿದು ಮೇಲೆ ನವಿರು ಎದ್ದರೆ ತೆಗೆದುಬಿಡಿ, ಪಕ್ಕದ್ದಕ್ಕೂ ಹತ್ತುತ್ತದೆ. 18ರಿಂದ 20 ಡಿಗ್ರಿಯಲ್ಲಿ ಎರಡು ಮೂರು ವಾರಕ್ಕೆ ಮರಿ.

ಮರಿಗಳು ಐದನೇ ದಿನ ಸಾಲಾಗಿ ಸಾಯುತ್ತವೆ. ಎಲ್ಲರಿಗೂ ಆಗುವುದು ಇದೇ. ಭೂತಗನ್ನಡಿ ಹಿಡಿದು ಹೊಟ್ಟೆ ನೋಡಿ. ಮೊದಲ ಎರಡು ಮೂರು ದಿನ ಹೊಟ್ಟೆಯೊಳಗಿನ ಹಳದಿಯೇ ಊಟ. ಆಮೇಲೆ ಹೊಟ್ಟೆ ಕಿತ್ತಳೆ ಬಣ್ಣ ಇದ್ದರೆ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿಯ ಮರಿ) ತಿಂದಿದೆ, ಖಾಲಿ ಗಾಜಿನಂತಿದ್ದರೆ ಹಸಿವು. ಅಲುಗಾಡದ ಊಟ ಅವುಗಳ ಕಣ್ಣಿಗೇ ಬೀಳುವುದಿಲ್ಲ, ಹಾಗಾಗಿ ಪುಡಿ ಊಟ ದಂಡ. ಹೊಟ್ಟೆ ತುಂಬಿದ್ದೂ ಸಾಯುತ್ತಿದ್ದರೆ ನೀರು ಕೊಳೆತಿದೆ. ತಿನ್ನದೆ ಉಳಿದ ಆರ್ಟೀಮಿಯಾ ಸಿಹಿನೀರಿನಲ್ಲಿ ಕೆಲವೇ ಗಂಟೆಯಲ್ಲಿ ಸತ್ತು ನಾರುತ್ತದೆ. ದಿನಕ್ಕೆ ಎರಡು ಸಲ ಊಟ, ಪ್ರತಿ ಸಲ ಊಟದ ಮೇಲೆ ನೀರು ಬದಲು.

ಮುಂಬೈ ಹವೆ ನಮಗೆ ಸಹಾಯ ಮಾಡಿದ್ದು ಇಲ್ಲಿ ಮಾತ್ರ. ಆರ್ಟೀಮಿಯಾ ಮೊಟ್ಟೆ ಒಡೆಯಲು ಬೇಕಾದದ್ದು 26ರಿಂದ 28 ಡಿಗ್ರಿ. ತಣ್ಣನೆ ದೇಶದವರು ಹೀಟರ್ ಇಡಬೇಕು. ನಾವು ಅಡುಗೆ ಕಟ್ಟೆಯ ಮೇಲೆ ಬಾಟಲಿ ತಲೆಕೆಳಗೆ ನಿಲ್ಲಿಸಿ, ಲೀಟರಿಗೆ 25 ಗ್ರಾಂ ಉಪ್ಪು ಹಾಕಿ, ಗಾಳಿ ಪೈಪು ಬಿಟ್ಟರೆ ಮರುದಿನ ಇದೇ ಹೊತ್ತಿಗೆ ಕಿತ್ತಳೆ ಮೋಡ ತಯಾರು. ಹಳೆಯ ಕರವಸ್ತ್ರದಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಹಾಕಬೇಕು.

ಮುಂಗಾಲು ಬಂದ ಮೇಲೆ, ಹಿಂಗಾಲು ಬರುವ ಮೊದಲು, ಮರಿಗಳು ಎದುರು ಅಲುಗಾಡಿದ್ದನ್ನೆಲ್ಲ ಕಚ್ಚುತ್ತವೆ. ತಮ್ಮನ ಕಾಲೂ ಅದರಲ್ಲಿ ಸೇರಿತು. ಕಾಲಿಲ್ಲದ ಮರಿ ಕಂಡರೆ ರೋಗವಲ್ಲ, ಜಾಗ ಸಾಲದು. ಸಣ್ಣ ದೊಡ್ಡ ಬೇರೆ ಮಾಡಿ, ಊಟ ಜಾಸ್ತಿ ಮಾಡಿ.

ಇನ್ನೊಂದು ದೋಷ ಕಾಗದದ್ದು. ಆಕ್ಸೊಲಾಟಲ್ ಸೈಟಿಸ್ ಒಪ್ಪಂದದ, ಅಂದರೆ ಕಾಡುಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ, ಎರಡನೇ ಪಟ್ಟಿಯಲ್ಲಿದೆ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ, 2024ರ ನಿಯಮಗಳ ಪ್ರಕಾರ ಇಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿಯಾದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಕೊಡುವವರು ಕಾಗದ ಇಲ್ಲ ಅಂದರೆ ತರಬೇಡಿ. ಜಾಸ್ತಿಯಾದ ಮರಿಯನ್ನು ಪವಾಯಿ ಕೆರೆಗೆ ಬಿಡುವ ಯೋಚನೆಯೂ ಬೇಡ. ಅಲ್ಲಿಯ ಬಿಸಿನೀರಿನಲ್ಲಿ ಅದು ಬದುಕುವುದಿಲ್ಲ, ಬದುಕಿದಷ್ಟು ದಿನ ನಮ್ಮ ಕಪ್ಪೆಗಳಿಗೆ ಯಾವ ರೋಗ ಹಂಚುತ್ತದೋ ಯಾರಿಗೆ ಗೊತ್ತು.

ನಾವು ಸುಮಾರು ನಾನೂರು ಮೊಟ್ಟೆಯಲ್ಲಿ 20 ಮಾತ್ರ ಇಟ್ಟುಕೊಂಡೆವು. ಉಳಿದವನ್ನು ಉಂಡೆಯಾಗಿರುವಾಗಲೇ, ಇಟ್ಟ ದಿನವೇ ಫ್ರೀಜರ್‌ಗೆ ಹಾಕಿದೆ. ಮಗಳು ಎರಡು ದಿನ ಮಾತು ಬಿಟ್ಟಳು. ಇಪ್ಪತ್ತರಲ್ಲಿ ಒಂಬತ್ತು ದೊಡ್ಡವಾದವು. ಒಂಬತ್ತು ಡಬ್ಬಿ, ದಿನಕ್ಕೆ ಎರಡು ಸಲ, ಮೂರು ತಿಂಗಳು. ಎರಡನೇ ತಿಂಗಳ ಕೊನೆಗೆ ಅವಳೇ ಬಂದು ಕೇಳಿದಳು, ಮುಂದಿನ ಸಲ ಐದು ಸಾಕಲ್ವಾ ಅಪ್ಪಾ ಅಂತ.